ಕುಳ್ಳಿಯ ಪೆನಾಲ್ಟಿ

ರೆಫರಿ ಸೀಟಿ ಊದಿ ಪೆನಾಲ್ಟಿ ಚುಕ್ಕಿಯತ್ತ ಕೈ ಚಾಚಿದ್ದೇ ತಡ, ಅವಳು ಬೆಂಚಿನಿಂದ ಎದ್ದುಬಿಟ್ಟಳು. ಕಾಲು ತಾನಾಗಿಯೇ ಗೋಲಿನ ಕಡೆ ಹೊರಟಿತ್ತು. ಬಿಳಿ ಗೆರೆಯ ಹತ್ತಿರ ಬಂದಾಗ ಎಚ್ಚರವಾಯಿತು. ಭುಜದ ಕೀಲು ಮತ್ತೆ ತಪ್ಪಿದಾಗ ಡಾಕ್ಟರು, "ಇನ್ನು ಸಾಕಮ್ಮ" ಎಂದು ಕೈಮುಗಿದಿದ್ದರು. ಹರೆಯವನ್ನೆಲ್ಲ ಗೋಲು ಕಾಯುವುದರಲ್ಲೇ ಕಳೆದವಳು ಈ ವರ್ಷದಿಂದ ಕೋಚು. ಹುಡುಗಿಯರ ಬಾಯಲ್ಲಿ ಕೋಚಕ್ಕ.

ಆಟ ಮುಗಿಯುತ್ತಾ ಬಂದಿತ್ತು. ತಮ್ಮವರು ಒಂದು ಗೋಲು ಮುಂದಿದ್ದರು, ಗೆದ್ದರೆ ಫೈನಲ್. ತನ್ನ ಜಾಗದಲ್ಲಿ ನಿಂತಿದ್ದವಳು ತಾನೇ ತಿದ್ದಿ ತೀಡಿದ ಹುಡುಗಿ. ಎದುರು ತಂಡದಿಂದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಬಂದವಳು ಕುಳ್ಳಿ.

ಕುಳ್ಳಿ! ಇಬ್ಬರೂ ಒಂದೇ ತಂಡದಲ್ಲಿದ್ದ ಕಾಲಕ್ಕೆ ಒಂದೇ ಕೋಣೆ, ಒಂದೇ ಬಕೆಟ್ಟು, ಒಂದೇ ಬಾಚಣಿಗೆ. ನೆನೆದ ಗ್ಲೌಸನ್ನು ಕಿಟಕಿಯ ಸರಳಿಗೆ ನೇತುಹಾಕಿದರೆ, "ಹೆಗ್ಗಣ ಸತ್ತ ವಾಸನೆ ಕಣೇ, ಆಚೆ ಎಸಿ" ಎಂದು ಕುಳ್ಳಿ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಅಭ್ಯಾಸ ಮುಗಿದು ಉಳಿದವರೆಲ್ಲ ಸ್ನಾನಕ್ಕೆ ಓಡಿದರೂ ಇವರಿಬ್ಬರು ಮೈದಾನ ಬಿಡುತ್ತಿರಲಿಲ್ಲ. ಚೆಂಡು ಕಣ್ಣಿಗೆ ಕಾಣದಾಗುವವರೆಗೂ ಅವಳು ಒದೆಯುವುದು, ಇವಳು ಹಾರುವುದು. ಸೋತವಳು ಇಬ್ಬರ ಬಟ್ಟೆಯನ್ನೂ ಒಗೆಯಬೇಕು. ಆ ಕಾಲಿನ ಗುಟ್ಟು ಇವಳಿಗೆ ಅಂಗೈಯಷ್ಟು ಪರಿಚಿತ. ಎದೆ ಡವಡವ ಎನ್ನುವಾಗ ಕುಳ್ಳಿ ಒದೆಯುವುದು ಗೋಲು ಕಾಯುವವಳ ಎಡಕ್ಕೇ.

ಹುಡುಗಿ ಇತ್ತ ನೋಡಿದಳು. ಕೋಚಕ್ಕ ಮೆಲ್ಲಗೆ ತನ್ನ ಎಡ ಕಿವಿ ಮುಟ್ಟಿಕೊಂಡಳು. ಅದು ಅವರಿಬ್ಬರ ಸನ್ನೆ.

ಕುಳ್ಳಿ ಚೆಂಡಿಟ್ಟು ತಲೆ ಎತ್ತಿದಳು. ನೋಡಿದ್ದು ಗೋಲನ್ನಲ್ಲ, ಕೋಚಕ್ಕನನ್ನು. ತುಟಿಯಂಚಿನಲ್ಲಿ ಅದೇ ಹಳೆಯ ತುಂಟ ನಗು. ಓಡಿಬಂದು ಒದ್ದಳು.

ಚೆಂಡು ಬಲಕ್ಕೆ ಹೋಯಿತು. ಹುಡುಗಿಯೂ ಬಲಕ್ಕೇ ಹಾರಿದ್ದಳು! ಬೆರಳ ತುದಿ ತಾಗಿದ ಚೆಂಡು ಕಂಬಕ್ಕೆ ಬಡಿದು ಆಚೆ ಬಿತ್ತು. ಕೊನೆಯ ಸೀಟಿ ಊದುವ ಹೊತ್ತಿಗೆ ಬೆಂಚಿನಲ್ಲಿ ಒಬ್ಬರೂ ಕೂತಿರಲಿಲ್ಲ.

"ನಾನು ಎಡಕ್ಕೆ ಅಂದಿದ್ನಲ್ಲೇ?"

"ಅಂದ್ರಿ ಅಕ್ಕ." ಹುಡುಗಿ ಇನ್ನೂ ಏದುಸಿರು ಬಿಡುತ್ತಿದ್ದಳು. "ಆದ್ರೆ ಅವ್ರು ನಿಮ್ಮನ್ನ ನೋಡಿ ನಕ್ಕುಬಿಟ್ರು. ನೀವು ಹೇಳ್ಕೊಟ್ಟಿದ್ದು ಅವ್ರಿಗೆ ಗೊತ್ತಾಗೋಯ್ತು ಅನ್ನಿಸ್ತು. ತಪ್ಪಾಯ್ತಾ?"

ತಾನಾಗಿದ್ದರೆ ಎಡಕ್ಕೇ ಹಾರುತ್ತಿದ್ದೆ ಎಂದುಕೊಂಡಳು ಕೋಚಕ್ಕ. ಹುಡುಗಿಯ ಕೆನ್ನೆಗೆ ಅಂಟಿದ್ದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿ, "ಹೋಗು, ಎಲ್ಲ ನಿನ್ನ ಕಾಯ್ತಿದ್ದಾರೆ" ಎಂದಳು.

ಕುಳ್ಳಿ ಹುಲ್ಲಿನ ಮೇಲೆ ಶೂ ಬಿಚ್ಚಿ ಕೂತಿದ್ದಳು. ಕೋಚಕ್ಕ ಪಕ್ಕದಲ್ಲಿ ಹೋಗಿ ಕೂತಳು.

"ನಿನ್ನ ಹುಡುಗಿ ನಿನಗಿಂತ ಚುರುಕು ಕಣೇ."

"ಹೂಂ."

"ಹೊಟ್ಟೆ ಉರೀತಿದ್ಯಾ?"

"ಸ್ವಲ್ಪ."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಕುಳ್ಳಿ ಮೆಲ್ಲಗೆ, "ಇದೇ ನನ್ನ ಕಡೇ ಮ್ಯಾಚು. ಮನೇಲೂ ಹೇಳಿಲ್ಲ ಇನ್ನೂ" ಎಂದಳು. ಇವಳು ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು.

ಅಷ್ಟರಲ್ಲಿ ಮೈದಾನ ನೋಡಿಕೊಳ್ಳುವ ಮುದುಕ ಗೋಲಿನ ಬಲೆ ಬಿಚ್ಚತೊಡಗಿದ್ದ. ಒಬ್ಬನೇ ಒದ್ದಾಡುವುದನ್ನು ಕಂಡು ಇಬ್ಬರೂ ಎದ್ದರು. ಆ ತುದಿ ಕುಳ್ಳಿ ಹಿಡಿದಳು, ಈ ತುದಿ ಇವಳು. ಚಾದರ ಮಡಿಸುವ ಹಾಗೆ ಬಲೆ ಮಡಿಸುತ್ತಾ, ಮಡಿಕೆಗೊಮ್ಮೆ ಒಬ್ಬರ ಹತ್ತಿರಕ್ಕೆ ಒಬ್ಬರು ನಡೆದುಬಂದರು.