ನಾಳೆಯಮ್ಮನ ಬಾಕಿ

ಬೇಸಿಗೆಯ ಕೊನೆ. ಹೊಲಗಳಲ್ಲಿ ಹುಲ್ಲು ಒಟ್ಟುವುದನ್ನು ಅರ್ಧಕ್ಕೆ ಬಿಟ್ಟು ಬಂದ ಮೂವರು ನೆರೆಯವರೂ ಹಾಲಿನವನೂ ಸೇರಿ ಹೊಲಿಗೆಯ ಕೋಣೆಯಿಂದ ಉದ್ದ ಮೇಜನ್ನು ಅಂಗಳಕ್ಕೆ ತರುತ್ತಿದ್ದರು. ಬಾಗಿಲ ಚಿಲಕಕ್ಕೆ ಸಿಕ್ಕಿ ಹಾಲಿನವನ ಅಂಗಿಯ ಭುಜ ಪರ್ರನೆ ಹರಿಯಿತು.

"ನಿಲ್ಲಿ, ನಿಲ್ಲಿ! ಅಂಗಿ ಹೋಯ್ತು," ಎಂದ ನೆರೆಯವರಲ್ಲೊಬ್ಬನಾದ ಬಡಗಿ.

"ಹೋಗ್ಲಿ ಬಿಡು. ಕಾಲು ಎತ್ತಿ ಹಿಡಿ, ಗೋಡೆಗೆ ತಾಗುತ್ತೆ," ಎಂದ ಹಾಲಿನವನು.

ತಾನು ಮೂವತ್ತೊಂದು ವರ್ಷ ಬಟ್ಟೆ ಕತ್ತರಿಸಿದ ಆ ಮೇಜಿನ ಮೇಲೆಯೇ ಹಾಲಿನವನ ಹೆಂಡತಿಯ ದೇಹವನ್ನು ಮಲಗಿಸಿದರು. ಊರವರ ಬಾಯಲ್ಲಿ ಅವಳು ನಾಳೆಯಮ್ಮ. ಯಾರು ಯಾವಾಗ ಬಂದು ಕೇಳಿದರೂ ಸೂಜಿ ಕಚ್ಚಿಕೊಂಡ ತುಟಿಯಿಂದ ಒಂದೇ ಮಾತು: "ನಾಳೆ ಬಾ."

"ನನ್ನ ಮದುವೆ ಕೋಟು ಕೈಗೆ ಸಿಕ್ಕಾಗ ಮಗಳಿಗೆ ಹಲ್ಲು ಬಂದಿತ್ತು," ಎಂದ ಬಡಗಿ, ಕಣ್ಣೊರೆಸಿಕೊಳ್ಳುತ್ತ.

"ತಿಂಗಳಿಗೊಂದು ಅಂಗುಲ ನಿನ್ನ ಹೊಟ್ಟೆ ಬೆಳೀತಿದ್ರೆ ಅವಳೇನು ಮಾಡ್ತಾಳೆ, ಪಾಪ?" ಎಂದಳು ನೆರೆಮನೆಯ ಟೀಚರಮ್ಮ. ಇಬ್ಬರೂ ನಕ್ಕು, ನಕ್ಕಿದ್ದಕ್ಕೆ ನಾಚಿದರು.

ಸತ್ತವಳ ತಂಗಿ ಹಾಲಿನವನ ಭುಜ ನೋಡಿದಳು. "ಭಾವ, ಹರಿದ ಅಂಗೀಲೇ ಅಕ್ಕನ್ನ ಕಳಿಸ್ತೀರಾ? ದೀಪದ ಬುಡ ಕತ್ತಲೆ ಅಂತ ಜನ ಆಡ್ಕೊಂಡಿದ್ದು ಸಾಲ್ದಾ? ಬೇರೆ ಇಲ್ವಾ?"

"ಇನ್ನೊಂದು ಒಗೆದು ಹಾಕಿದೆ. ಹಸಿ."

ಅವನು ಹೆಂಡತಿಯನ್ನು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು ಅಂಗಿ, ಅದೂ ಎಷ್ಟೋ ವರ್ಷದ ಹಿಂದೆ. ಗಿರಾಕಿಗಳಿಗೆ ಸಿಕ್ಕ ಉತ್ತರವೇ ಅವನಿಗೂ ಸಿಕ್ಕಿತ್ತು. ಅಂಗಿಯ ಆಸೆ ಈಗ ಇರಲಿಲ್ಲ. ತಾನು ಕೇಳಿದ್ದು ಅವಳಿಗೆ ಕೊನೆಯಲ್ಲಿ ನೆನಪಿತ್ತೋ ಇಲ್ಲವೋ, ಅದೊಂದು ಬೆಳಗಿನಿಂದ ಕೊರೆಯುತ್ತಿತ್ತು.

* * *

ಹಿಂದಿನ ಚಳಿಗಾಲದ ಒಂದು ದಿನ ಗಂಡ ಹೆಂಡತಿ ಮೊದಲ ಬಸ್ಸಿಗೇ ಆಸ್ಪತ್ರೆಗೆ ಹೋಗಿದ್ದರು. ರಕ್ತ ಪರೀಕ್ಷೆಗೊಂದು ಚೀಟಿ, ಡಾಕ್ಟರಿಗೊಂದು, ವಿಕಿರಣ ಕೊಡುವ ಯಂತ್ರದ ಕೋಣೆಗೊಂದು. ಮಧ್ಯಾಹ್ನ ಯಂತ್ರದ ಕೋಣೆಯಿಂದ ಬಂದವಳು ಬೆಂಚಿನಲ್ಲಿ ಅವನ ಎಡಕ್ಕೆ ಕುಳಿತಳು.

"ಎದೆ ಮೇಲೆಲ್ಲ ನೇರಳೆ ಗೀಟು ಹಾಕಿದ್ಲು ಕಣ್ರೀ ಆ ಹುಡುಗಿ. ಒಂದು ನೂಲಿನಷ್ಟು ಸೊಟ್ಟ. ಹೇಳೇಬಿಟ್ಟೆ."

"ಅಲ್ಲೂ ಬಿಡಲಿಲ್ವಾ ನೀನು!"

"ಅಳಿಸಿ ಮತ್ತೆ ಹಾಕಿದ್ಲು, ಪಾಪ. ಕೆಲಸ ಮುಗಿಯೋವರೆಗೆ ಗುರುತು ಅಳಿಸ್ಬೇಡಿ ಅಂದ್ಲು. ಯಾರಿಗೆ ಹೇಳ್ತಾಳೆ ನೋಡಿ."

ಅಷ್ಟರಲ್ಲಿ ಕಿಟಕಿಯಾಚೆಯ ಗುಮಾಸ್ತ ಕರೆದು, "ರಿಪೋರ್ಟ್ ಇವತ್ತು ಸಿಗಲ್ಲಮ್ಮ, ನಾಳೆ ಬನ್ನಿ," ಎಂದ.

ಅವಳಿಗೆ ನಗು ತಡೆಯಲಾಗಲಿಲ್ಲ. "ಊರವರ ಶಾಪವೆಲ್ಲ ಒಟ್ಟಿಗೆ ತಟ್ತು ಕಣ್ರೀ!" ಎನ್ನುತ್ತ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ನಗು ಇಳಿದ ಮೇಲೆ ಅವನ ಕುತ್ತಿಗೆಯ ಬುಡದಲ್ಲಿ ಹೆಬ್ಬೆರಳೂರಿ, ಕಿರುಬೆರಳನ್ನು ಎಡಭುಜದ ತುದಿಗೆ ಚಾಚಿ, ಗೇಣು ಹಾಕಿದಂತೆ ಹಾಗೇ ಇಟ್ಟುಕೊಂಡಳು. ಸುಸ್ತಾಗಿ ಆಸರೆ ಹಿಡಿದಳೆಂದುಕೊಂಡು ಅವನು ಬಸ್ಸಿನ ಹೊತ್ತಾಗುವವರೆಗೆ ಅಲುಗಾಡದೆ ಕುಳಿತಿದ್ದ.

* * *

"ಹರಿದಿದ್ದನ್ನೇ ಹೊಲಿದುಬಿಡ್ತೀನಿ," ಎಂದು ದಾರ ಹುಡುಕಲು ಹೊಲಿಗೆಯ ಕೋಣೆಗೆ ಹೋದ ತಂಗಿ, ಹೊಲಿಗೆ ಯಂತ್ರದ ಕೆಳಗಿನ ಡಬ್ಬಿಯಿಂದ ಮಡಿಸಿಟ್ಟ ಬಟ್ಟೆಯೊಂದನ್ನು ತಂದಳು. "ಭಾವ, ಇದು ಯಾರದ್ದು?"

ಬಿಳಿ ಅಂಗಿ. ಉದ್ದುದ್ದ ಕಚ್ಚಾ ಹೊಲಿಗೆ, ನೀಲಿ ಸೀಮೆಸುಣ್ಣದ ಗೀಟು, ಗುಂಡಿ ಇಲ್ಲ. ಟೀಚರಮ್ಮ ಭುಜ ಹಿಡಿದು ಎತ್ತಿ ನೋಡಿದಳು. "ಕತ್ತರಿಸೋದ್ರಲ್ಲಿ ತಪ್ಪಿದಾಳೆ ಕಣೇ. ಎಡಭುಜ ಒಂದು ಬೆರಳು ಇಳಿದಿದೆ."

"ತಪ್ಪಿಲ್ಲ," ಎಂದ ಹಾಲಿನವನು. ನಲವತ್ತು ವರ್ಷ ಹಾಲಿನ ಕ್ಯಾನು ಹೊತ್ತ ಭುಜ ಅದು. ಹರಿದದ್ದನ್ನು ಬಿಚ್ಚಿ ಅಲ್ಲೇ ತೊಟ್ಟ. ಎಲ್ಲೂ ಸುಕ್ಕು ಬರಲಿಲ್ಲ.

"ಬಿಚ್ಚಿ ಕೊಡಿ ಭಾವ, ಹತ್ತು ನಿಮಿಷ, ಮಿಷಿನ್‌ಗೆ ಹಾಕ್ತೀನಿ. ಎಳೆದ್ರೆ ಬಿಟ್ಕೊಳ್ಳುತ್ತೆ."

"ಎಳೆಯಲ್ಲ."

"ಗುಂಡಿನಾದ್ರೂ?"

"ನಾಳೆ," ಎಂದ ಅವನು.

ಬಡಗಿ ಮುಖ ಆಚೆ ತಿರುಗಿಸಿದ.

ಮೇಜಿನಿಂದ ಅವಳನ್ನು ಹಲಗೆಗೆ ಮಲಗಿಸಿ ಎತ್ತಿದರು. ಯಾವತ್ತೂ ಎಡಕ್ಕೆ ಹೊರುವವನು ಅಂದು ಬಲಭುಜ ಕೊಟ್ಟ. ಎಡಗೈಯಲ್ಲಿ ಅಂಗಿಯ ಎದೆ ಕೂಡಿಸಿ ಹಿಡಿದು, ಅರ್ಧ ಒಟ್ಟಿದ ಹುಲ್ಲಿನ ಹೊಲ ದಾಟಿ ಮೆಲ್ಲಗೆ ನಡೆದ. ಎಡಭುಜದ ಮೇಲೆ ನೀಲಿ ಗೀಟು ಬಿಸಿಲಿಗೆ ಕಾಣುತ್ತಿತ್ತು, ನೂಲಿನಷ್ಟೂ ಸೊಟ್ಟಾಗದೆ.