ಚಾ ಕುಡಿದು ಮಲಗಿದವ

ಮೂರನೇ ಸಲವೂ ನರ್ಸ್ ನುಸೈಬಾಗೆ ಮೊದಲು ಸಿಕ್ಕಿದ್ದು ಬೆಲ್ಲ ನೀರು, ಚುಚ್ಚುಮದ್ದಿಗೆ ಮಗು ಅಲ್ಲ. ಆಲಂಕಾರಿನ ದಮಯಂತಿಯಕ್ಕನ ಮನೆಗೆ ಯಾರು ಬಂದರೂ ಮೊದಲು ಬೆಲ್ಲ ನೀರು. ಲಸಿಕೆ ಪೆಟ್ಟಿಗೆ ಹಿಡಿದು ಬಂದ ನರ್ಸಿಗೂ ಅದು ತಪ್ಪುವುದಿಲ್ಲ.

ಮೊಮ್ಮಗ ಅವಿನ್‌ಗೆ ಒಂದೂವರೆ ವರ್ಷ. ದಡಾರದ ಚುಚ್ಚುಮದ್ದು ಒಂದೂ ಆಗಿರಲಿಲ್ಲ. ಹಿಂದಿನ ವಾರ ಹತ್ತಿರದ ಅಂಗನವಾಡಿಯ ಇಬ್ಬರು ಮಕ್ಕಳಿಗೆ ದಡಾರ ಬಂದು, ಒಂದು ಮಗು ಇನ್ನೂ ಪುತ್ತೂರಿನ ಆಸ್ಪತ್ರೆಯಲ್ಲಿತ್ತು. ಅವಿನ್‌ನ ತಾಯಿ ಸುಪ್ರಿತಾ "ಅತ್ತೆ ಹೇಳಿದ ಹಾಗೆ" ಎಂದು ಮಗುವನ್ನೆತ್ತಿ ಒಳಗೆ ಹೋದಳು. ಅತ್ತೆ ಹೇಳುವುದು ಪ್ರತಿ ಸಲವೂ ಒಂದೇ.

"ಬೇಡ ಸಿಸ್ಟರ್. ಕೊರೋನಾ ಟೈಮಲ್ಲಿ ನೋಡ್ಲಿಲ್ವಾ? ಕಲ್ಲುಗುಂಡಿಯಲ್ಲಿ ಒಬ್ಬ, ನಿಮ್ಮವರೇ ಅಂತೆ, ಗಟ್ಟಿಮುಟ್ಟಾದ ಜನ. ಇಂಜೆಕ್ಷನ್ ತೆಗೊಂಡು ಮನೆಗೆ ಬಂದ, ಚಾ ಕುಡಿದ, ಮಲಗಿದ. ಮತ್ತೆ ಏಳ್ಲೇ ಇಲ್ಲ."

ಹಿಂದಿನ ಎರಡು ಸಲ ಈ ಕಥೆಯಲ್ಲಿ ಊರಿನ ಹೆಸರಿರಲಿಲ್ಲ. ಹೋದ ವರ್ಷವಷ್ಟೇ ಕಲ್ಲುಗುಂಡಿಯಿಂದ ಇಲ್ಲಿಗೆ ವರ್ಗವಾಗಿ ಬಂದಿದ್ದ ನುಸೈಬಾ ಲೋಟ ಕೆಳಗಿಟ್ಟಳು.

"ಎಂತ ಹೆಸರು ಅವರದ್ದು?"

"ಸಫೀರ್ ಅಂತ. ಟಯರ್ ಅಂಗಡಿ ಇತ್ತಂತೆ."

"ಅವರು ಚಾ ಕುಡಿಯುದಿಲ್ಲ. ಕಾಫಿ ಮಾತ್ರ."

"ನಿಮಗೆ ಗುರ್ತ ಉಂಟಾ?"

"ನನ್ನ ಗಂಡ."

ಒಳಗೆ ಅವಿನ್ ಯಾವುದೋ ಡಬ್ಬಿ ಬಡಿಯುತ್ತಿದ್ದ.

"ಅಯ್ಯೋ ದೇವರೇ! ನಂಗೆ ಗೊತ್ತಿರ್ಲಿಲ್ಲ ಮಾರಾಯ್ರೆ, ಬೇಜಾರು ಮಾಡ್ಬೇಡಿ." ದಮಯಂತಿಯಕ್ಕ ಲೋಟಕ್ಕೆ ಮತ್ತೆ ನೀರು ತುಂಬಿಸಿದರು. "ಆದ್ರೆ ಇಂಜೆಕ್ಷನ್ ತೆಗೊಂಡದ್ದು ಹೌದಲ್ವಾ?"

"ಇಲ್ಲ ಅಕ್ಕ. ಊರಿಗೆಲ್ಲ ನಾನೇ ಕೊಡ್ತಿದ್ದೆ. ಅವರದ್ದು ಮಾತ್ರ ನಾಳೆ, ನಾಡಿದ್ದು. ಮತ್ತೆ ಕೊರೋನಾವೇ ಬಂತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ರು." ತಿಂಗಳ ವರದಿ ಓದುವ ಧ್ವನಿಯಲ್ಲೇ ಹೇಳಿದಳು.

"ಮನೆಯಲ್ಲೇ ನರ್ಸ್ ಇದ್ದು ಎಂತಕ್ಕೆ ತೆಗೊಳ್ಳಲಿಲ್ಲ?"

"ಹೆದರಿಕೆ. ಆಲಂಕಾರಿನಲ್ಲಿ ಒಬ್ಬರು ಇಂಜೆಕ್ಷನ್ ತೆಗೊಂಡು ಬರುವಾಗ ಬಸ್ಸಿನಿಂದ ಬಿದ್ದು ಸತ್ರು ಅಂತ ಅಂಗಡಿಗೆ ಬಂದ ಯಾರೋ ಹೇಳಿದ್ರು. ರಾಧಾಕೃಷ್ಣ ಅಂತ."

"ನಮ್ಮ ರಾಧಾಕೃಷ್ಣನಾ?" ದಮಯಂತಿಯಕ್ಕ ಎದ್ದೇ ನಿಂತರು. "ಯಾರು ಹೇಳಿದ್ದು ಈ ಸುಳ್ಳು? ಅವ ಮೆಟ್ಲಿಂದ ಜಾರಿ ಕಾಲು ಮುರಿದದ್ದು! ಇವತ್ತು ಬೆಳಿಗ್ಗೆ ಸಹ ಡೈರಿಗೆ ಹಾಲು ತೆಗೊಂಡು ಹೋದ!"

"ಒಳ್ಳೆದಾಯ್ತು," ಎಂದಳು ನುಸೈಬಾ. ಮನಸ್ಸಿನಿಂದಲೇ ಹೇಳಿದ್ದಳು.

ದಮಯಂತಿಯಕ್ಕ ಮತ್ತೆ ಕುಳಿತರು. ಬೆಲ್ಲದ ತಟ್ಟೆಯನ್ನು ಆಚೆ ಸರಿಸಿದರು, ಈಚೆ ಸರಿಸಿದರು.

"ಜ್ವರ ಬರ್ತದಾ?"

"ಬಂದ್ರೂ ಬರಬಹುದು, ವಾರ ಕಳೆದು. ಎರಡು ದಿನ ಇದ್ದು ಹೋಗ್ತದೆ. ಫೋನ್ ಮಾಡಿ, ನಾನು ಬರ್ತೇನೆ."

"ರಾತ್ರಿ ಮಾಡಿದ್ರೆ?"

"ಎಚ್ಚರ ಇರ್ತೇನೆ."

"ಸುಪ್ರಿತಾ," ದಮಯಂತಿಯಕ್ಕ ಒಳಗೆ ನೋಡಿ ಕೂಗಿದರು, "ಮಗುವನ್ನು ತಾ."

ಸೂಜಿ ಚುಚ್ಚಿದಾಗ ಅವಿನ್ ಅತ್ತ. ಆಮೇಲೆ ಹತ್ತಿಯನ್ನು ಬಾಯಿಗೆ ಹಾಕಲು ನೋಡಿದ. ಅರ್ಧ ಗಂಟೆ ಕುಳಿತು ಮಗುವನ್ನು ಗಮನಿಸಬೇಕು ಎಂದು ನುಸೈಬಾ ಹೇಳಿದಳು.

"ಅಷ್ಟು ಹೊತ್ತು ಸುಮ್ಮನೆ ಕೂರುದು ಹೇಗೆ? ಕುಡಿಲಿಕ್ಕೆ ಎಂತ ಮಾಡ್ಲಿ? ಚಾ..." ಎಂದ ದಮಯಂತಿಯಕ್ಕನ ಮಾತು ಅಲ್ಲಿಗೇ ನಿಂತಿತು.

"ಚಾ ಆಗ್ತದೆ," ಎಂದಳು ನುಸೈಬಾ. "ನಾನು ಕುಡಿತೇನೆ."