ಏಳೂವರೆಯ ಮಾತು

ಮಕ್ಕಳು ಹೇಳುವ ಸುಳ್ಳು ಯಾವ ಚಾನೆಲ್ಲಿನಿಂದ ಬಂದದ್ದು ಎಂದು ನಾನು ನಿಂತ ನಿಲುವಿನಲ್ಲೇ ಹೇಳಬಲ್ಲೆ. ನಾನು ಸುಧಾರಾಣಿ, ಹೊಸಪೇಟೆಯ ಚಿತ್ತವಾಡ್ಗಿಯ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಹೋದ ವರ್ಷ ಹೋಂವರ್ಕ್ ಮಾಡದ ಪಂಪೇಶ ಹಣೆ ಹಿಡಿದುಕೊಂಡು "ನನಗೆ ಏನೂ ನೆನಪಾಗುತ್ತಿಲ್ಲ ಟೀಚರ್, ನಾನು ಯಾರು?" ಎಂದಾಗ, ಅದು ಸೋಮವಾರದ ಕಂತಿನಲ್ಲಿ ಆಕ್ಸಿಡೆಂಟ್ ಆದ ಗಂಡನ ಮಾತು ಎಂದು ಅಲ್ಲೇ ಬಯಲು ಮಾಡಿ ಇಡೀ ತರಗತಿಯನ್ನು ನಗಿಸಿದ್ದೆ. ಈ ಕಳ್ಳರನ್ನು ಹಿಡಿಯುವುದಕ್ಕೆಂದೇ ದಿನಾ ಸಂಜೆ ಏಳೂವರೆಯ ಧಾರಾವಾಹಿ ನೋಡುತ್ತೇನೆ. ಅದೆಲ್ಲ ನೆವ, ಇಷ್ಟಪಟ್ಟೇ ನೋಡುತ್ತೀಯ ಎಂದು ತಂಗಿ ಭವ್ಯ ಛೇಡಿಸುತ್ತಾಳೆ. ಅದರಲ್ಲಿ ಸ್ವಲ್ಪ ನಿಜವೂ ಇದೆ.

ಹಿಡಿಯುವ ಉಪಾಯ ಬಹಳ ಸುಲಭ. ನಮ್ಮ ಕಡೆಯ ಮಕ್ಕಳು ನಿಜ ಹೇಳುವಾಗ "ಹೊಟ್ಟಿ ಭಾಳ ನೋಯಾಕತ್ತೈತ್ರಿ" ಅನ್ನುತ್ತಾರೆ. ಸುಳ್ಳು ಹೇಳುವಾಗ ಮಾತ್ರ "ಹೊಟ್ಟೆ ತುಂಬಾ ನೋಯುತ್ತಿದೆ" ಎಂದು ಟಿವಿಯವರ ಹಾಗೆ ರಾಗ ಎಳೆಯುತ್ತಾರೆ. ಮಾತಿನಲ್ಲಿ 'ತುಂಬಾ' ಬಂತೆಂದರೆ ಸಾಕು, ನನ್ನ ಕಿವಿ ನೆಟ್ಟಗಾಗುತ್ತದೆ. ಪೋಷಕರ ಸಭೆಯಲ್ಲಿ ಇದನ್ನೇ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ.

ಎಂಟನೇ ತರಗತಿಯ ಸುನಿತಾಳ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಅವಳಿಗೆ ಹದಿನಾಲ್ಕು ವರ್ಷ. ಅಪ್ಪ ಮರಿಸ್ವಾಮಿಯವರದು ಕಿರಾಣಿ ಅಂಗಡಿ, ಮನೆಯಲ್ಲಿ ಗೋಡೆ ತುಂಬುವ ಟಿವಿ. ಆ ಧಾರಾವಾಹಿಯ ನಾಯಕಿಯ ಮಾತನ್ನು ನಾಯಕಿಗಿಂತ ಚೆನ್ನಾಗಿ ಆಡುತ್ತಿದ್ದಳು. ಊಟದ ಬಿಡುವಿನಲ್ಲಿ ಹುಡುಗಿಯರು ಅವಳ ಸುತ್ತ ಕೂತು, ಮಾಡಿ ತೋರ್ಸು, ಮಾಡಿ ತೋರ್ಸು ಎಂದು ಗಂಟು ಬೀಳುತ್ತಿದ್ದರು.

ಅದೊಂದು ಶುಕ್ರವಾರ ಶಾಲೆ ಬಿಟ್ಟ ಮೇಲೆ ಎಲ್ಲರೂ ಹೋಗುವವರೆಗೆ ಬಾಗಿಲ ಹತ್ತಿರ ಕಾದು ನಿಂತಿದ್ದಳು. ಆಮೇಲೆ ನನ್ನ ಮೇಜಿನ ಬಳಿ ಬಂದು ಹೇಳಿದಳು:

"ಟೀಚರ್, ನನ್ನ ಇಷ್ಟಕ್ಕೆ ವಿರುದ್ಧವಾಗಿ ನನ್ನ ಮದುವೆ ಮಾಡುತ್ತಿದ್ದಾರೆ. ಈ ಮದುವೆ ನನಗೆ ಬೇಡ. ದಯವಿಟ್ಟು ನನ್ನನ್ನು ಕಾಪಾಡಿ."

ಹಿಂದಿನ ಸಂಜೆಯಷ್ಟೇ ನಾಯಕಿ ಪೊಲೀಸ್ ಸ್ಟೇಷನ್ನಿನಲ್ಲಿ ಆಡಿದ ಮಾತು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ನನಗೆ ನಗು ತಡೆಯಲಾಗಲಿಲ್ಲ.

"ನಿನ್ನಿ ಕಂತು!" ಎಂದೆ. "ಸೋಮವಾರ ಗಣಿತದ ಟೆಸ್ಟ್ ತಪ್ಪಿಸಾಕ ಮದುವೀನ ಬೇಕಾತೇನು ನಿನಗ? ನಡಿಯವ್ವ, ನಡಿ ಮನಿಗೆ."

ಅವಳು ತಲೆ ತಗ್ಗಿಸಿ ಇನ್ನೂ ಏನೋ ಗೊಣಗಿದಳು. ನಾನು ಆಗಲೇ ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಹುಡುಗಿ ಅಡ್ಡದಾರಿ ಹಿಡಿಯುತ್ತಿದ್ದಾಳೆ, ಹೆತ್ತವರಿಗೆ ತಿಳಿಸುವುದು ನನ್ನ ಕರ್ತವ್ಯ ಎಂದುಕೊಂಡು ಅವಳ ತಾಯಿ ಅಕ್ಕನಾಗಮ್ಮನಿಗೆ ಫೋನ್ ಮಾಡಿದೆ.

"ನಿಮ್ಮ ಮಗಳು ಟಿವಿ ನೋಡಿ ಕೆಡಾಕತ್ತಾಳ್ರಿ. ಇವತ್ತು ನನ್ನ ಮುಂದ ಬಂದು, ಮನ್ಯಾಗ ನನ್ನ ಮದುವಿ ಮಾಡಾಕತ್ತಾರ, ಕಾಪಾಡ್ರಿ ಅಂದ್ಲು."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಗು.

"ಅಯ್ಯ, ಹೌದ್ರಿ ಟೀಚರ್, ಭಾಳ ನೋಡ್ತಾಳ. ನೀವು ಹೇಳಿದ್ದು ಚೊಲೋ ಆತು. ಇವತ್ತಿಂದ ಬಂದ್ ಮಾಡಿಸ್ತೀವಿ ಬಿಡ್ರಿ."

ಎಲ್ಲರ ಮಾತಿನಲ್ಲೂ ಹುಳುಕು ಹುಡುಕುವ ನನಗೆ ಆ ಹೊತ್ತಿನ ಮೌನ ಏನೂ ಅನ್ನಿಸಲಿಲ್ಲ.

ಸೋಮವಾರ ಸುನಿತಾ ಬರಲಿಲ್ಲ. ಟೆಸ್ಟಿಗೆ ಹೆದರಿದ್ದಾಳೆ ಎಂದುಕೊಂಡೆ. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ಮುನಿಸಿಕೊಂಡಿದ್ದಾಳೆ ಎಂದುಕೊಂಡೆ.

ಬುಧವಾರ ಸಂಜೆ ಎಂದಿನಂತೆ ಟಿವಿ ಹಚ್ಚಿಕೊಂಡು ಕೂತೆ. ನಾಯಕಿಯನ್ನು ಹಸೆಮಣೆಗೆ ಕರೆತರುತ್ತಿದ್ದರು. ಮದುಮಗ ಬೆಂಗಳೂರಿನ ಹೋಟೆಲ್ ಮಾಲೀಕ, ಬಿಳಿ ಕಾರಿನಲ್ಲಿ ಬಂದಿಳಿದ. ಅವನನ್ನು ನೋಡುತ್ತಿದ್ದಂತೆ ಶುಕ್ರವಾರದ ಮಾತು ನೆನಪಾಯಿತು. ಸುನಿತಾ ಕೊನೆಗೆ ಗೊಣಗಿದ್ದೇನು? "ಕಂಪ್ಲಿ ಹಾಲೇಶ್ ಮಾಮಾಗ್ರಿ. ಬರೋ ಗುರುವಾರ." ಹೌದು, ಅದನ್ನೇ ಅಂದಿದ್ದಳು. ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಧಾರಾವಾಹಿಯಲ್ಲಿ ಸೋದರಮಾವನೇ ಇಲ್ಲ. ಕಂಪ್ಲಿ ಎಂಬ ಊರಂತೂ ಇಲ್ಲವೇ ಇಲ್ಲ.

ಕೂಡಲೇ ಮಕ್ಕಳ ಸಹಾಯವಾಣಿಗೆ ಫೋನ್ ಹಚ್ಚಿದೆ.

ಗುರುವಾರ ಬೆಳಿಗ್ಗೆ ಎಂಟಕ್ಕೆಲ್ಲ ಸಹಾಯವಾಣಿಯ ಮೇಡಂ ಮತ್ತು ಇಬ್ಬರು ಪೊಲೀಸರ ಜೊತೆ ಕಂಪ್ಲಿಯಲ್ಲಿದ್ದೆ. ಹಾಲೇಶನ ಮನೆ ಅವರದೇ ಅಕ್ಕಿ ಗಿರಣಿಯ ಹಿಂದೆ. ಮನೆಯ ಮುಂದೆ ಶಾಮಿಯಾನ, ಒಳಗೆ ಒಗ್ಗರಣೆಯ ಘಾಟು. ಮೂವತ್ತು ದಾಟಿದ ಹಾಲೇಶ ಹೊಸ ಪಂಚೆಯುಟ್ಟು ಓಡಾಡುತ್ತಿದ್ದವನು ನಮ್ಮನ್ನು ಕಂಡು ಹಿತ್ತಲಿಗೆ ಜಾರಿಕೊಂಡ. ಮರಿಸ್ವಾಮಿಯವರು ಕುರ್ಚಿಯಿಂದ ಏಳಲೂ ಇಲ್ಲ.

ಅಕ್ಕನಾಗಮ್ಮ ಮಾತ್ರ ನಗುತ್ತಲೇ ಬಂದಳು. "ಬರ್ರಿ, ಕುಂದ್ರಿ. ಮದುವಿ ಅಂತ ಯಾರ್ ಹೇಳಿದ್ರಿ? ಹುಡುಗಿ ದೊಡ್ಡಾಕಿ ಆಗ್ಯಾಳ, ಮಾವನ ಮನ್ಯಾಗ ಆರತಿ ಮಾಡಾಕತ್ತೀವಿ. ಬೇಕಾದ್ರ ಆಕಿನ್ನ ಕೇಳ್ರಿ."

ಸುನಿತಾಳನ್ನು ಕರೆತಂದರು. ಹಸಿರು ಸೀರೆ, ಮುಖಕ್ಕೆಲ್ಲ ಅರಿಶಿನ. ಸೀರೆಯ ನೆರಿಗೆ ಕಾಲಿಗೆ ತೊಡರುತ್ತಿತ್ತು.

"ಹೇಳವಾ, ಯಾರಿಗೂ ಅಂಜಬ್ಯಾಡ," ಎಂದರು ಮೇಡಂ. "ಇಲ್ಲಿ ಏನ್ ನಡದೈತಿ?"

"ಆರತಿ ರೀ."

"ಮತ್ತ ಟೀಚರ್ ಹತ್ರ ಮದುವಿ ಅಂತ ಹೇಳಿದ್ದಿ?"

ಸುನಿತಾ ನನ್ನನ್ನು ಒಮ್ಮೆ ನೋಡಿದಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. "ಅದು ಟಿವಿ ಡೈಲಾಗ್ರಿ. ಟೀಚರ್‌ಗೆ ಗೊತ್ತೈತಿ, ಅವರನ್ನ ಕೇಳ್ರಿ."

"ಕೇಳ್ರಿ ಮತ್ತ!" ಎಂದಳು ಅಕ್ಕನಾಗಮ್ಮ. "ಟೀಚರೇ ಫೋನ್ ಮಾಡಿ ಹೇಳ್ಯಾರ, ಟಿವಿ ನೋಡಿ ಸುಳ್ಳು ಹೇಳ್ತಾಳ ಅಂತ."

ಎಲ್ಲರೂ ನನ್ನ ಕಡೆ ತಿರುಗಿದರು. ನಾಚಿಕೆಯಿಂದ ನನ್ನ ಕಿವಿ ಸುಡುತ್ತಿತ್ತು.

"ಸುಳ್ಳಲ್ರಿ ಮೇಡಂ," ಎಂದೆ. "ಆಕಿ ಖರೇನ ಹೇಳಿದ್ಲು. ನಾನ ನಕ್ಕು ಕಳಿಸಿದೆ. ಆಮ್ಯಾಲ ಅವರವ್ವಗ ಚಾಡಿ ಹೇಳಿದಾಕಿನೂ ನಾನ."

"ದಿನಕ್ಕೊಂದು ಮಾತಾದ್ರ ಹೆಂಗ್ರಿ ಟೀಚರ್?" ಎಂದಳು ಅಕ್ಕನಾಗಮ್ಮ. ಈಗ ನಗುತ್ತಿರಲಿಲ್ಲ.

ಮೇಡಂ ಅವಳನ್ನು ಹಿಂದೆ ಸರಿಸಿ ಸುನಿತಾಳ ಮುಂದೆ ನೆಲದ ಮೇಲೆ ಕೂತರು. "ಈ ಮಾವನ್ನ ಮಾಡ್ಕೊಳ್ಳಾಕ ನಿನಗ ಮನಸೈತೇನು? ಅಷ್ಟ ಹೇಳು."

ಹುಡುಗಿ ತನ್ನ ಅರಿಶಿನದ ಅಂಗೈ ನೋಡಿಕೊಂಡಳು.

"ಒಲ್ಲೆ ರೀ," ಎಂದಳು.

ಊಟಕ್ಕೆ ಕೂತ ಮಗು ಇನ್ನೊಂದು ರೊಟ್ಟಿ ಬೇಡವೆನ್ನುವಾಗ ಆಡುವ ಮಾತು. ಅದನ್ನು ಯಾವ ಧಾರಾವಾಹಿಯೂ ಕಲಿಸಿರಲಿಲ್ಲ. ಆದರೆ ಮದುವೆಯ ವಿಷಯದಲ್ಲಿ ಹುಡುಗಿಯೊಬ್ಬಳು ಹಾಗೆ ಅನ್ನಬಹುದು ಎಂದು ಅವಳಿಗೆ ತೋರಿಸಿಕೊಟ್ಟದ್ದು ಆ ಹಾಳು ಏಳೂವರೆಯ ಧಾರಾವಾಹಿಯೇ. ಎಂಟು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದೇನೆ, ನಾನಂತೂ ತೋರಿಸಿಕೊಟ್ಟಿರಲಿಲ್ಲ.

ಮದುವೆ ನಿಂತಿತು. ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲ ಎಂದು ಹೆತ್ತವರಿಂದ ಮುಚ್ಚಳಿಕೆ ಬರೆಸಿಕೊಂಡರು. ಸುನಿತಾ ಎರಡು ತಿಂಗಳು ಸರ್ಕಾರಿ ಬಾಲಮಂದಿರದಲ್ಲಿದ್ದು ಮನೆಗೆ ಮರಳಿದಳು, ಶಾಲೆಗೂ ಬಂದಳು. ಟಿವಿ ನೋಡಿ ನೋಡಿ ಹುಡುಗಿ ಹೆತ್ತವರ ಮಾನ ಕಳೆದಳು ಎಂದು ಓಣಿಯವರೆಲ್ಲ ಆಡಿಕೊಂಡರು. ಮರಿಸ್ವಾಮಿಯವರು ಆ ದೊಡ್ಡ ಟಿವಿಯನ್ನೇ ಮಾರಿಬಿಟ್ಟರಂತೆ.

ಈಗ ಅವಳು ಬಿಡುವಿನಲ್ಲಿ ಯಾರ ಮಾತನ್ನೂ ಆಡಿ ತೋರಿಸುವುದಿಲ್ಲ. ನಾನು ಕೇಳಿದ್ದಕ್ಕೆ ಹೂಂ, ಇಲ್ಲ, ಅಷ್ಟೇ. ಅವಳು ನಿಜ ಹೇಳುತ್ತಾಳೋ ಸುಳ್ಳೋ ನನಗೆ ತಿಳಿಯುವುದಿಲ್ಲ.

ನಿನ್ನೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಆಚೆ ಬೈಕಿನ ಮೇಲೆ ಹಾಲೇಶ ಕೂತಿದ್ದ. ಸುನಿತಾ ಕಿಟಕಿಯಿಂದ ಅವನನ್ನು ನೋಡಿ, ಗೋಡೆಯ ಮರೆಗೆ ಸರಿದು ಬೇಗ ಬೇಗ ಪುಸ್ತಕ ತುಂಬಿಕೊಂಡಳು.

"ಯಾರವಾ ಅದು ಹೊರಗ?" ಎಂದೆ.

"ಯಾರಿಲ್ರಿ ಟೀಚರ್."

"ತಾಳು, ನಾ ಬರ್ತೀನಿ ನಿನ್ನ ಜೋಡಿ."

"ಬ್ಯಾಡ್ರಿ," ಎಂದಳು ತಿರುಗಿ ನೋಡದೆ. "ನೀವು ಮತ್ತ ಅವ್ವಗ ಫೋನ್ ಮಾಡ್ತೀರಿ."